ಕಾಶಿಯ ಹತ್ತಿರದ ಹಳ್ಳಿಯಲ್ಲಿ ಎರಡು ಸಾವಿರ ರೂಪಾಯಿ

ನಿಮ್ಮಲ್ಲಿ ಬಹಳ ಜನಕ್ಕೆ ಕಾಶಿ ಗೊತ್ತಿರುವುದು ಮದುವೆ ಮನೆಯಲ್ಲಿ. ಮದುಮಗ ಪಂಚೆ ಉಟ್ಟು, ಕೈಯಲ್ಲಿ ಕೊಡೆ, ಕೋಲು ಹಿಡಿದು ಕಾಶಿಗೆ ಹೊರಡುತ್ತಾನೆ. ಹುಡುಗಿಯ ತಂದೆ ಹಿಂದೆಯೇ ಹೋಗಿ, ಬೇಡಪ್ಪಾ, ನನ್ನ ಮಗಳನ್ನು ಕೊಡುತ್ತೇನೆ, ಗೃಹಸ್ಥನಾಗು ಎಂದು ಕರೆದುಕೊಂಡು ಬರುತ್ತಾನೆ. ನಮ್ಮ ಕೂಟದ ಮದುವೆಗಳಲ್ಲಿ ಈ ಯಾತ್ರೆ ಹೋಟೆಲಿನ ಪಾರ್ಕಿಂಗ್ ಲಾಟಿನ ತನಕ ಹೋಗಿ ನಿಲ್ಲುತ್ತದೆ. ವಿಡಿಯೋದವನು ಸರಿಯಾಗಿ ಬರಲಿಲ್ಲ ಎಂದರೆ ಇನ್ನೊಂದು ಸಲ! ಹಿಂದಿನ ಕಾಲದಲ್ಲಿ ನಿಜವಾಗಿ ಕಾಶಿಗೆ ಹೊರಟವರು ಮನೆಯವರಿಗೆಲ್ಲ ವಿದಾಯ ಹೇಳಿಯೇ ಹೊರಡುತ್ತಿದ್ದರಂತೆ. ತಿರುಗಿ ಬಂದರೆ ಊರಿಗೆಲ್ಲ ಸಂತರ್ಪಣೆ. ನಮ್ಮ ಅಜ್ಜಿಯ ದೇವರ ಮನೆಯಲ್ಲಿ ಮೊಹರು ಮಾಡಿದ ಪುಟ್ಟ ತಾಮ್ರದ ಗಂಗಾಥಾಲಿ ಇತ್ತು. ಯಾರ ಕೊನೆಗಾಲಕ್ಕೆ ಅದನ್ನು ಒಡೆಯಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು.

ನಾನೂ ನಮ್ಮ ಯಜಮಾನರೂ ಮಗಳೂ 2024ರ ನವೆಂಬರಿನಲ್ಲಿ ಕಾಶಿಗೆ ಹೋಗಿದ್ದೆವು. ಗಂಗಾರತಿಯ ವಿಷಯ ನಾನು ಬರೆಯುವುದಿಲ್ಲ. ಅದನ್ನು ನೀವು ಯೂಟ್ಯೂಬಿನಲ್ಲಿ ನನಗಿಂತ ಚೆನ್ನಾಗಿ ನೋಡಿರುತ್ತೀರಿ. ನಾನು ಹೇಳಹೊರಟಿರುವುದು ದುಡ್ಡಿನ ವಿಷಯ. ಕಾಶಿಗೆ ಹೋಗಿ ದುಡ್ಡಿನ ಸುದ್ದಿಯೇ ಎಂದು ಹಿರಿಯರು ಬೇಸರಿಸಬಾರದು. ಕಾಶಿಯಲ್ಲಿ ದುಡ್ಡಿನ ಸುದ್ದಿ ಬಾರದ ಒಂದು ಗಲ್ಲಿಯೂ ಇಲ್ಲ.

ನಾವಿದ್ದದ್ದು ಹನುಮಾನ್ ಘಾಟಿನ ಹತ್ತಿರ. ಅಲ್ಲಿ ತೆಂಕಣದವರದ್ದೇ ಒಂದು ಲೋಕ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ. ಕನ್ನಡದ ಹೆಸರು ಹೊತ್ತ ಮೆಟ್ಟಿಲ ಮೇಲೆ ಕೂತು ಗಂಗೆ ನೋಡುವಾಗ ನನಗಂತೂ ತವರಿಗೆ ಬಂದಷ್ಟು ಸಂತೋಷವಾಯಿತು. ಅಲ್ಲಿ ಹಾವೇರಿ ಕಡೆಯ ಒಂದು ಗುಂಪು ಸಿಕ್ಕಿತು. ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು, ಹುಬ್ಬಳ್ಳಿಯಾಚೆ ಹೆಚ್ಚು ಹೋಗದವರು. ಕರ್ನಾಟಕ ಸರ್ಕಾರ 2022ರಿಂದ ಕಾಶಿ ಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನ ಕೊಡುತ್ತಿದೆ; ಯಾತ್ರೆ ಮುಗಿಸಿ ದಾಖಲೆ ಕೊಟ್ಟರೆ ಹಣ ನೇರ ಬ್ಯಾಂಕಿಗೆ. "ಸರ್ಕಾರದ ರೊಕ್ಕದಾಗ ಪುಣ್ಯ ಬರತೈತೇನ್ರಿ?" ಎಂದು ಒಬ್ಬಾಕೆ ನನ್ನನ್ನೇ ಕೇಳಿ ತಾನೇ ನಕ್ಕಳು. ನನ್ನ ಮಗಳಿಗೆ ಅದರ ಅರ್ಥ ಹೇಳಿದೆ. ಅವಳು ನಗಲಿಲ್ಲ. "ಆ ದುಡ್ಡಲ್ಲಿ ಒಂದು ಶಾಲೆ ಕಟ್ಟಬಹುದಿತ್ತಲ್ಲಮ್ಮ?" ಎಂದಳು. ಇಲ್ಲಿ ಬೆಳೆದ ಮಕ್ಕಳ ಪ್ರಶ್ನೆ ಅದು. ತಪ್ಪೇನಿಲ್ಲ.

ಮರುದಿನ ಅನ್ನಪೂರ್ಣೆಯ ಗುಡಿಗೆ ಹೋದೆವು. ವಿಶ್ವನಾಥನ ಗುಡಿಯ ಮಗ್ಗುಲಲ್ಲೇ ಇದೆ. ಶಿವನೇ ಭಿಕ್ಷಾಪಾತ್ರೆ ಹಿಡಿದು ಬಂದು ನಿಂತಾಗ ಸೌಟಿನಲ್ಲಿ ಅನ್ನ ನೀಡಿದ ತಾಯಿ ಆಕೆ. ಕಾಶಿಯಲ್ಲಿ ಯಾರೂ ಉಪವಾಸ ಮಲಗಬಾರದು ಎಂಬುದು ಆಕೆಯ ಕಟ್ಟಳೆ ಎನ್ನುತ್ತಾರೆ. ಅಲ್ಲಿ ಒಂದು ಪದ್ಧತಿ ಇದೆ. ದೀಪಾವಳಿಗೆ ಮುಂಚಿನ ಧನ್‌ತೇರಸ್ ದಿನ ಚಿನ್ನದ ಅನ್ನಪೂರ್ಣೆಯ ದರ್ಶನ ಶುರುವಾಗುತ್ತದೆ. ಬಂದವರಿಗೆ ಪ್ರಸಾದವೆಂದು ಅರಳಿನ ಜೊತೆ ಒಂದು ನಾಣ್ಯ ಕೊಡುತ್ತಾರೆ. ಅದಕ್ಕೆ 'ಖಜಾನಾ' ಎಂದೇ ಹೆಸರು. ಅದನ್ನು ಖರ್ಚು ಮಾಡುವಂತಿಲ್ಲ, ಪೆಟ್ಟಿಗೆಯಲ್ಲಿಟ್ಟು ಪೂಜಿಸಬೇಕು. ಅನ್ನ ಕೊಡುವ ದೇವಿ ವರ್ಷಕ್ಕೊಮ್ಮೆ ಕಾಸನ್ನೂ ಕೊಡುತ್ತಾಳೆ ಎಂದಾಯಿತು! ಅಂದ ಹಾಗೆ, ಕೆನಡಾದಲ್ಲಿರುವ ನಮ್ಮವರಿಗೆ ಒಂದು ಸುದ್ದಿ: ನೂರು ವರ್ಷದ ಹಿಂದೆ ಕಾಶಿಯಿಂದ ಕದ್ದು ಸಾಗಿಸಿದ್ದ ಅನ್ನಪೂರ್ಣೆಯ ಒಂದು ಕಲ್ಲಿನ ವಿಗ್ರಹ ರೆಜೈನಾ ವಿಶ್ವವಿದ್ಯಾಲಯದಲ್ಲಿತ್ತು. ಅವರು ಮರಳಿಸಿದರು. 2021ರ ನವೆಂಬರಿನಲ್ಲಿ ಅದು ಕಾಶಿಗೆ ವಾಪಸಾಯಿತು.

ಹಳ್ಳಿಗೆ ಹೋಗುವ ಯೋಚನೆ ನಮಗಿರಲಿಲ್ಲ. ನಮ್ಮ ಕಾರಿನ ಡ್ರೈವರ್ ಮೂವತ್ತರ ಹುಡುಗ, ಸೇವಾಪುರಿ ಬ್ಲಾಕಿನವನು. ನನ್ನ ಹರಕು ಹಿಂದಿಗೆ (ಪ್ರಚಾರ ಸಭೆಯ 'ಮಧ್ಯಮಾ' ಪರೀಕ್ಷೆ ಪಾಸು ಮಾಡಿದ್ದು ಆ ದಿನ ಸಾರ್ಥಕವಾಯಿತು) ಮೆಚ್ಚಿ, ಭಾನುವಾರ ನಮ್ಮ ಮನೆಗೆ ಚಹಾಕ್ಕೆ ಬನ್ನಿ, ಅಮ್ಮ ಸಂತೋಷಪಡುತ್ತಾಳೆ ಎಂದ. ಊರಿನಿಂದ ಪಶ್ಚಿಮಕ್ಕೆ ಗಂಟೆಯ ದಾರಿ. ದಾರಿಯುದ್ದಕ್ಕೂ ಇಟ್ಟಿಗೆ ಗೂಡುಗಳ ಹೊಗೆ, ಸಾಸಿವೆ, ಬಟಾಣಿ, ಆಗಷ್ಟೇ ಉಳುತ್ತಿದ್ದ ಗೋಧಿ ಹೊಲಗಳು. ನಮ್ಮ ಮಲೆನಾಡಿನ ಕಣ್ಣಿಗೆ ಆ ನೆಲ ಎಷ್ಟು ಸಪಾಟು ಎಂದರೆ, ಇಡೀ ಭೂಮಿಯನ್ನು ಯಾರೋ ಲಟ್ಟಣಿಗೆಯಿಂದ ಲಟ್ಟಿಸಿಟ್ಟಂತೆ.

ಮನೆ ಎರಡು ಕೋಣೆಯ ಇಟ್ಟಿಗೆ ಮನೆ. ಗಿಲಾವು ಅರ್ಧಕ್ಕೆ ನಿಂತಿತ್ತು. ಮುಂದೆ ಒಂದು ಎಮ್ಮೆ, ಗೋಡೆಗೆ ಬೆರಣಿ. ಬೆರಣಿ ಎಂದರೆ ಸಗಣಿಯನ್ನು ತಟ್ಟಿ ಒಣಗಿಸಿದ ಬಿಲ್ಲೆ, ಒಲೆಗೆ ಹಾಕುವುದು. ಒಟ್ಟು ಏಳು ಜನ: ವಿಧವೆ ಅಜ್ಜಿ, ಹಿರಿಮಗ, ಸೊಸೆ, ಅವರ ಮೂರು ಮಕ್ಕಳು, ವಾರಕ್ಕೊಮ್ಮೆ ಬರುವ ನಮ್ಮ ಡ್ರೈವರ್. ಹೊಲ ಎರಡು ಬಿಘಾ, ನಮ್ಮ ಲೆಕ್ಕದಲ್ಲಿ ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ. ಹೆಸರುಗಳನ್ನು ಬರೆಯುವುದಿಲ್ಲ. ಬಡವರ ಮನೆಗೆ ಹೋಗಿ ಚಹಾ ಕುಡಿದು ಬಂದು ಅವರ ಹೆಸರು ಅಚ್ಚು ಹಾಕಿಸುವುದು ನನಗೆ ಸರಿಬರಲಿಲ್ಲ.

ಮಾತಿಗೆ ಮಾತು ಬೆಳೆದು ಲೆಕ್ಕ ಶುರುವಾಯಿತು. ಗೃಹಿಣಿಯರು ಇಬ್ಬರು ಸೇರಿದರೆ ಲೆಕ್ಕ ಬಾರದೆ ಇರುತ್ತದೆಯೇ? ಕೇಂದ್ರ ಸರ್ಕಾರದ ಕಿಸಾನ್ ಸಮ್ಮಾನ್ ನಿಧಿ ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ ಎರಡು ಸಾವಿರದಂತೆ. 2019ರ ಫೆಬ್ರವರಿಯಲ್ಲಿ ಗೋರಖಪುರದಲ್ಲಿ ಶುರುವಾದ ಯೋಜನೆ. 17ನೆಯ ಕಂತನ್ನು ಪ್ರಧಾನಿ 2024ರ ಜೂನ್ 18ರಂದು ಇದೇ ವಾರಾಣಸಿಯಿಂದಲೇ ಬಿಡುಗಡೆ ಮಾಡಿದ್ದರು. ಒಂದೇ ದಿನ ಒಂಬತ್ತು ಕೋಟಿಗೂ ಹೆಚ್ಚು ರೈತರಿಗೆ 20,000 ಕೋಟಿ ರೂಪಾಯಿ! ಇದರ ಮೇಲೆ ಅಜ್ಜಿಗೆ ರಾಜ್ಯ ಸರ್ಕಾರದ ಪಿಂಚಣಿ, ನಾವು ಹೋದಾಗ ತಿಂಗಳಿಗೆ ಸಾವಿರ. ಸರ್ಕಾರಿ ಶಾಲೆಗೆ ಹೋಗುವ ಇಬ್ಬರು ಮಕ್ಕಳ ಸಮವಸ್ತ್ರ, ಬೂಟು, ಸ್ವೆಟರು, ಚೀಲಕ್ಕೆಂದು ತಲಾ 1,200. ಮೊದಲು ಬಟ್ಟೆಯನ್ನೇ ಶಾಲೆಯಲ್ಲಿ ಹಂಚುತ್ತಿದ್ದರು, 2021ರಿಂದ ತಂದೆತಾಯಿಯ ಖಾತೆಗೆ ಹಣ. ಎಲ್ಲ ಕೂಡಿದರೆ ವರ್ಷಕ್ಕೆ 20,400 ರೂಪಾಯಿ. ನನ್ನ ಮಗಳು ಫೋನಿನಲ್ಲಿ ಲೆಕ್ಕ ಹಾಕಿದಳು: ಸುಮಾರು 240 ಡಾಲರು. ಏಳು ಜನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ ಎಂಟು ರೂಪಾಯಿ.

ಎಂಟು ರೂಪಾಯಿಯಲ್ಲಿ ಏನು ಬದಲಾಗುತ್ತದೆ ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡೆ. ಅಜ್ಜಿ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ತೋರಿಸಿದಳು. ಅದರಲ್ಲಿ ಬಿ.ಪಿ. ಮಾತ್ರೆಯ ಎರಡು ಪಟ್ಟಿಗಳು, ಬ್ಯಾಂಕಿನ ಪಾಸ್‌ಬುಕ್ಕು, ಕೆಂಪು ಬಟ್ಟೆಯಲ್ಲಿ ಸುತ್ತಿದ ಅನ್ನಪೂರ್ಣೆಯ ನಾಣ್ಯ. ಮೊದಲು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಳಂತೆ, ಪಟ್ಟಿ ಹೆಚ್ಚು ದಿನ ಬರಲಿ ಎಂದು. ಮಗನ ಹತ್ತಿರ ಕೇಳಲು ಸಂಕೋಚ, ಅವನಿಗೇ ಇರುವುದಿಲ್ಲ. ಈಗ ದಿನಾ ನುಂಗುತ್ತಾಳೆ. ಪಿಂಚಣಿ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬಂದಾಗ ಮೊಮ್ಮಕ್ಕಳಿಗೆ ಹತ್ತು ಹತ್ತು ರೂಪಾಯಿ, ಮನೆಗೆ ಬೇಳೆ, ಸಾಬೂನು. ಉಳಿದದ್ದು ಮಗನಿಗೆ ಸಾಲ! ಹೌದು, ಸಾಲವೇ. ಬಡ್ಡಿ ಇಲ್ಲ, ಆದರೆ ಲೆಕ್ಕ ಇಟ್ಟಿದ್ದಾಳೆ, ಗೋಡೆಯ ಮೇಲೆ ಇದ್ದಿಲಿನ ಗೆರೆಗಳಲ್ಲಿ. "ಈಗ ಸೊಸೆ ಮೊದಲು ನನಗೆ ಚಹಾ ಕೊಡುತ್ತಾಳೆ" ಎಂದಳು. ಸೊಸೆ ಸೆರಗಿನ ಮರೆಯಲ್ಲಿ ನಕ್ಕಳು. ಅತ್ತೆ ಸೊಸೆಯರು ಗಂಗೆಯ ತೀರದಲ್ಲೂ ಅತ್ತೆ ಸೊಸೆಯರೇ.

ಹಿರಿಮಗನ ಎರಡು ಸಾವಿರದ ಕಥೆ ಬೇರೆ. ಅಕ್ಟೋಬರಿನ ಕಂತು ಬರುವ ಹೊತ್ತಿಗೆ ಭತ್ತ ಕೊಯ್ಲಿಗೆ ಬಂದಿರುತ್ತದೆ. ಅದರ ದುಡ್ಡು ಕೈಗೆ ಬರುವ ಮೊದಲೇ ಗೋಧಿ ಬಿತ್ತಬೇಕು. ಬಿತ್ತುವಾಗ ಡಿ.ಎ.ಪಿ. ಗೊಬ್ಬರದ ಚೀಲಕ್ಕೆ 1,350, ಆಮೇಲೆ ಯೂರಿಯಾ ಎರಡು ಚೀಲಕ್ಕೆ 533. ಒಟ್ಟು 1,883. ಉಳಿದ 117ರಲ್ಲಿ ಬ್ಲಾಕ್ ಆಫೀಸಿಗೆ ಹೋಗಿಬರುವ ಖರ್ಚು. ಹಿಂದೆ ಈ ಎರಡು ಸಾವಿರವನ್ನು ಊರಿನ ಸಾಹುಕಾರನಿಂದ ತರುತ್ತಿದ್ದರು, ನೂರಕ್ಕೆ ತಿಂಗಳಿಗೆ ಐದು ಬಡ್ಡಿ. ಗೋಧಿ ಬರುವುದು ಏಪ್ರಿಲಿಗೆ. ಅಷ್ಟರಲ್ಲಿ ಬಡ್ಡಿಯೇ ಆರುನೂರು, ಜೊತೆಗೆ ಅವನು ಹೇಳಿದ ಬೆಲೆಗೆ ಅವನಿಗೇ ಗೋಧಿ ಮಾರಬೇಕೆಂಬ ಹಂಗು. ಆ ಹಂಗು ತಪ್ಪಿತು ಎನ್ನುವುದು ಅವನ ಮಾತಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಎರಡು ಸಾವಿರದ ಬೆಲೆ ಎರಡು ಸಾವಿರವಲ್ಲ, ಅದು ಯಾವ ತಿಂಗಳಲ್ಲಿ ಬರುತ್ತದೆ ಎಂಬುದರ ಮೇಲೆ.

ನನಗೆ ಆಗ ಪ್ರೇಮಚಂದ್ ನೆನಪಾದರು. ಅವರು ಹುಟ್ಟಿದ ಲಮ್ಹಿ ಗ್ರಾಮ ವಾರಾಣಸಿಯ ಪಕ್ಕದಲ್ಲೇ ಇದೆ. ಹಿಂದಿ ಪಾಠದಲ್ಲಿ ಅವರ 'ಪೂಸ್ ಕೀ ರಾತ್' ಕಥೆ ನಮಗಿತ್ತು. ಹಲ್ಕೂ ಎಂಬ ರೈತ ಚಳಿಗೆ ಕಂಬಳಿ ಕೊಳ್ಳಲು ಮೂರು ರೂಪಾಯಿ ಕೂಡಿಸಿಟ್ಟಿರುತ್ತಾನೆ. ಸಾಲಗಾರ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಹೆಂಡತಿ ಬೇಡವೆಂದರೂ ಕೊಡಬೇಕಾಗುತ್ತದೆ. ಆಮೇಲೆ ಪುಷ್ಯ ಮಾಸದ ರಾತ್ರಿ ನಾಯಿಯನ್ನು ತಬ್ಬಿಕೊಂಡು ಹೊಲ ಕಾಯುತ್ತಾನೆ. ಬಿ.ಎ.ಯಲ್ಲಿ ಡಿಕನ್ಸ್, ಹಾರ್ಡಿ ಎಲ್ಲ ಓದಿದೆ. ಆದರೆ ಮೂರು ರೂಪಾಯಿಯ ಬೆಲೆ ಏನೆಂದು ಹೇಳಿಕೊಟ್ಟವನು ಹಲ್ಕೂ. ನಿಮ್ಮ ಲೈಬ್ರರಿಯಲ್ಲಿ ಇಂಗ್ಲಿಷ್ ಅನುವಾದ ಸಿಕ್ಕೀತು, ಓದಿ.

ಎಲ್ಲ ಸುಸೂತ್ರ ಎಂದು ತಿಳಿಯಬೇಡಿ. ಆ ನವೆಂಬರಿನಲ್ಲಿ ಉತ್ತರ ಭಾರತದಲ್ಲೆಲ್ಲ ಡಿ.ಎ.ಪಿ. ಗೊಬ್ಬರದ ಕೊರತೆ. ಕೈಯಲ್ಲಿ ದುಡ್ಡಿದೆ, ಚೀಲ ಇಲ್ಲ. ಬೆಳಗಿನ ಜಾವ ಎದ್ದು ಹೋಗಿ ಸರದಿಯಲ್ಲಿ ನಿಂತು ಎರಡು ಸಲ ಬರಿಗೈಯಲ್ಲಿ ಬಂದಿದ್ದನಂತೆ. ಗ್ಯಾಸಿನದೂ ಹಾಗೇ. ಬಡವರಿಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ 2016ರಲ್ಲಿ ಶುರುವಾದದ್ದು ಇಲ್ಲಿಂದ ದೂರವಿಲ್ಲದ ಬಲಿಯಾದಲ್ಲಿ. ಸಿಲಿಂಡರ್ ಮೂಲೆಯಲ್ಲಿತ್ತು, ಮೇಲೆ ಕಸೂತಿಯ ಬಟ್ಟೆ ಹೊದಿಸಿ! ಸಬ್ಸಿಡಿ ಖಾತೆಗೆ ಬರುತ್ತದೆ, ಆದರೆ ಮೊದಲು ಪೂರ್ತಿ ಹಣ ಕೊಟ್ಟು ತರಬೇಕಲ್ಲ. ನೆಂಟರು ಬಂದಾಗ ಗ್ಯಾಸು, ಉಳಿದ ದಿನ ಬೆರಣಿ. ನಮ್ಮ ಚಹಾ ಗ್ಯಾಸಿನ ಮೇಲೆ ಆಯಿತು.

ಇನ್ನು ಅಜ್ಜಿಯ ಬೆರಳು. ಹಳ್ಳಿಯಲ್ಲಿ ಬ್ಯಾಂಕಿಲ್ಲ. ಬ್ಯಾಂಕಿನ ಪರವಾಗಿ ಒಬ್ಬ ಹೆಂಗಸು ಚಿಕ್ಕ ಯಂತ್ರ ಇಟ್ಟುಕೊಂಡು ಮನೆಯಲ್ಲೇ ಹಣ ಕೊಡುತ್ತಾಳೆ. ಆಧಾರ್ ನಂಬರು ಹೇಳಿ ಹೆಬ್ಬೆಟ್ಟು ಇಟ್ಟರೆ ಸಾಕು. ಆದರೆ ಅರವತ್ತು ವರ್ಷ ಸಗಣಿ, ಬೂದಿ, ಮಣ್ಣಿನಲ್ಲಿ ದುಡಿದ ಕೈ, ಗೆರೆಗಳೇ ಸವೆದುಹೋಗಿವೆ. ಯಂತ್ರ ಗುರುತು ಹಿಡಿಯುವುದಿಲ್ಲ. ಒಂದೊಂದು ಸಲ ಹತ್ತೂ ಬೆರಳು ಪ್ರಯತ್ನಿಸಬೇಕು. ಕೈಗೆ ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಇಟ್ಟು, ಕೊನೆಗೆ ಎಡಗೈಯ ಉಂಗುರ ಬೆರಳು ಒಪ್ಪಿಗೆಯಾಗುತ್ತದಂತೆ. ದುಡಿದು ಸವೆದ ಬೆರಳಿಗೇ ದುಡ್ಡು ಸಿಗುವುದು ಕಷ್ಟ ಎಂದರೆ ಇದನ್ನು ಏನೆನ್ನಬೇಕೋ! ಇದಕ್ಕಿಂತ ಕಷ್ಟ ಪಟ್ಟದ್ದು ಯಜಮಾನ ತೀರಿಕೊಂಡಾಗ. ಹೊಲ ಅವನ ಹೆಸರಿನಲ್ಲಿತ್ತು. ನಮ್ಮಲ್ಲಿ ಪೌತಿ ಖಾತೆ ಎನ್ನುತ್ತಾರಲ್ಲ, ಅದು ಮಕ್ಕಳ ಹೆಸರಿಗೆ ಆಗುವ ತನಕ ಕಿಸಾನ್ ಹಣ ನಿಂತುಹೋಗಿತ್ತು.

ನಾನು ಹಾಸ್ಟೆಲಿನಲ್ಲಿದ್ದು ಓದುವಾಗ ಅಪ್ಪ ತಿಂಗಳಿಗೊಮ್ಮೆ ಮನಿಯಾರ್ಡರ್ ಕಳಿಸುತ್ತಿದ್ದರು. ಪೋಸ್ಟ್‌ಮ್ಯಾನ್ ನೋಟು ಎಣಿಸಿ ಕೊಟ್ಟು, ಸುಮ್ಮನೆ ನಿಂತಿರುತ್ತಿದ್ದ. ಎರಡು ರೂಪಾಯಿ ಕೊಟ್ಟ ಮೇಲೆ ಸೈಕಲ್ ಹತ್ತುತ್ತಿದ್ದ. ಆ ಕಾಲದಲ್ಲಿ ಎಲ್ಲ ಹಣಕ್ಕೂ ಹೀಗೆ ದಾರಿಯಲ್ಲಿ ಕೈಗಳಿದ್ದವು. ಸರ್ಕಾರ ಬಡವರಿಗೆಂದು ಖರ್ಚು ಮಾಡುವ ಒಂದು ರೂಪಾಯಿಯಲ್ಲಿ ಹದಿನೈದು ಪೈಸೆ ಮಾತ್ರ ಮುಟ್ಟುತ್ತದೆ ಎಂದು ಪ್ರಧಾನಿ ರಾಜೀವ್ ಗಾಂಧಿಯವರೇ 1985ರಲ್ಲಿ ಹೇಳಿದ್ದರು. ಹಣ ನೇರ ಖಾತೆಗೆ ಹಾಕುವ ಕ್ರಮ 2013ರ ಜನವರಿಯಲ್ಲಿ ಶುರುವಾಯಿತು. 2014ರ ಜನಧನ ಯೋಜನೆಯಿಂದ ಖಾತೆ ಇಲ್ಲದವರಿಗೂ ಖಾತೆ ಬಂತು. ಎರಡು ಬೇರೆ ಬೇರೆ ಪಕ್ಷದ ಸರ್ಕಾರಗಳ ಕೆಲಸ ಇದು ಎಂಬುದನ್ನು ನೆನಪಿಡಿ. ನಮ್ಮ ಕೂಟದಲ್ಲಿ ಕಾಫಿಯ ಹೊತ್ತಿಗೆ ನಡೆಯುವ ಜಗಳಗಳಿಗೆ ಇದು ಉಪಯೋಗಕ್ಕೆ ಬರುತ್ತದೆ.

ವಾಪಸು ಬರುವಾಗ ಕಾರಿನಲ್ಲಿ ಮಗಳು ಕೇಳಿದಳು, ಹೀಗೆ ಸುಮ್ಮನೆ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುವುದಿಲ್ಲವೇ ಎಂದು. ನಮ್ಮವರು ಮುಂದಿನ ಸೀಟಿನಿಂದ "ಆಗುತ್ತಾರೆ" ಎಂದರು. ನಾನು, "2020ರಲ್ಲಿ ಕೋವಿಡ್ ಬಂದಾಗ ಅಮೇರಿಕದ ಸರ್ಕಾರ ದೊಡ್ಡವರಿಗೆ ತಲಾ 1,200 ಡಾಲರ್ ಖಾತೆಗೆ ಹಾಕಿತಲ್ಲ, ಆಗ ನೀವು ಆಫೀಸಿನ ಕೆಲಸ ಬಿಟ್ಟಿರಾ?" ಎಂದೆ. ಮುಂದಿನ ಸೀಟು ಸುಮ್ಮನಾಯಿತು. ಮನೆಗೆ ಬಂದ ಮೇಲೆ ಮಗಳೇ ಹುಡುಕಿ ಓದಿದಳು. 2011–12ರಲ್ಲಿ 'ಸೇವಾ' ಎಂಬ ದುಡಿಯುವ ಹೆಂಗಸರ ಸಂಘ ಯುನಿಸೆಫಿನ ಹಣದಿಂದ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಪರೀಕ್ಷೆ ಮಾಡಿತ್ತು. ಎಂಟು ಹಳ್ಳಿಯ ಎಲ್ಲರಿಗೂ, ಬಡವ ಬಲ್ಲಿದ ಎನ್ನದೆ, ತಿಂಗಳಿಗೆ ದೊಡ್ಡವರಿಗೆ 200, ಮಕ್ಕಳಿಗೆ 100 ರೂಪಾಯಿ. ಒಂದು ವರ್ಷದ ಮೇಲೆ ಅದನ್ನು 300, 150 ಮಾಡಿದರು. ಮಕ್ಕಳ ಪಾಲು ತಾಯಿಯ ಕೈಗೆ. ಜನ ಸೋಮಾರಿಗಳಾಗಲಿಲ್ಲ. ಕೂಲಿಗೆ ಹೋಗುತ್ತಿದ್ದವರು ಬೀಜ ಗೊಬ್ಬರ ತಂದು ತಮ್ಮ ಹೊಲದಲ್ಲೇ ಹೆಚ್ಚು ಹೊತ್ತು ದುಡಿದರು, ಮಕ್ಕಳ ಊಟ ಸುಧಾರಿಸಿತು, ಸಾಲ ತಗ್ಗಿತು. ಕುಡಿತವೂ ಹೆಚ್ಚಲಿಲ್ಲ. ನನ್ನ ಯಜಮಾನರು ಇನ್ನೂ ಒಪ್ಪಿಲ್ಲ, ಇರಲಿ.

ಆದರೆ ಒಂದು ಮಾತಿನಲ್ಲಿ ನಾನೂ ತಡವರಿಸುತ್ತೇನೆ. ಶಾಲೆಯ ಬಟ್ಟೆಯ ಹಣ ಬೇರೆ ಖರ್ಚಿಗೆ ಹೋಗಿ, ಡಿಸೆಂಬರಿನ ಚಳಿಯಲ್ಲಿ ಸ್ವೆಟರಿಲ್ಲದೆ ಬರುವ ಮಕ್ಕಳಿದ್ದಾರೆ ಎಂದು ಆ ಸೊಸೆಯೇ ಹೇಳಿದಳು. ವಸ್ತು ಕೊಡಬೇಕೋ ಹಣ ಕೊಡಬೇಕೋ? ಕರ್ನಾಟಕ ಎರಡನ್ನೂ ಮಾಡಿ ನೋಡಿದೆ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಸಿಗದೆ, ಐದು ಕಿಲೋದ ಬದಲು ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರಲ್ಲಿ ಅಕ್ಕಿ ಸಿಕ್ಕಿತು, ಹಣ ನಿಲ್ಲಿಸಿ ಅಕ್ಕಿಯನ್ನೇ ಕೊಟ್ಟರು. ತವರೂರಿನಲ್ಲಿ ನಮ್ಮ ಅತ್ತಿಗೆಯ ಮನೆಗೆ ಕೆಲಸಕ್ಕೆ ಬರುವಾಕೆಯನ್ನು ಕೇಳಿದೆ, ಯಾವುದು ಒಳ್ಳೆಯದು ಎಂದು. "ಅಕ್ಕಿ ಆದ್ರೆ ಅವ್ರು ಕುಡ್ಯಾಕಾಗಲ್ಲ ಅಮ್ಮ" ಎಂದಳು. ಆದರೆ ಗೃಹಲಕ್ಷ್ಮಿಯ ಎರಡು ಸಾವಿರ ಮಾತ್ರ ಹಣವಾಗಿಯೇ ಬರಲಿ ಎಂದಳು. ಅದು ಅವಳ ಖಾತೆಗೆ ಬರುವುದು.

ಈ ಗೃಹಲಕ್ಷ್ಮಿಯ ವಿಷಯ ಸೇವಾಪುರಿಯಲ್ಲಿ ಹೇಳಿದಾಗ ಆದದ್ದನ್ನು ಬರೆಯದಿದ್ದರೆ ಈ ಲೇಖನವೇ ಬೇಡ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್ 30ರಿಂದ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಎಂದೆ. ಕೆಲವು ಸಲ ತಡವಾಗುತ್ತದೆ ಎಂದೂ ಹೇಳಿದೆ. ಬೆಳಗಾವಿ ಜಿಲ್ಲೆಯ ಒಬ್ಬ ಅಜ್ಜಿ ಆ ಹಣ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು 2024ರಲ್ಲಿ ಪೇಪರಿನಲ್ಲೆಲ್ಲ ಬಂದಿತ್ತು, ಅದನ್ನೂ ಹೇಳಿದೆ. ಅಜ್ಜಿ ಜೋರಾಗಿ ನಕ್ಕಳು. ಸೊಸೆ ನಗಲಿಲ್ಲ. "ವರ್ಷಕ್ಕೋ ತಿಂಗಳಿಗೋ?" ಎಂದು ಕೇಳಿದಳು. ತಿಂಗಳಿಗೆ ಎಂದೆ. "ನೇರ ಹೆಂಗಸಿನ ಕೈಗೆ? ಗಂಡ ಬದುಕಿದ್ದರೂ?" ಎಂದಳು. ಹೌದು ಎಂದೆ. ಕಿಸಾನ್ ಹಣ ಗಂಡನಿಗೆ, ಪಿಂಚಣಿ ಅತ್ತೆಗೆ, ಬಟ್ಟೆಯ ಹಣ ಮಕ್ಕಳಿಗೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಎಮ್ಮೆ, ಒಲೆ, ಹೊಲ ಮೂರನ್ನೂ ನೋಡುವವಳ ಹೆಸರಿಗೆ ಆ ಮನೆಯಲ್ಲಿ ಬರುವುದು ಒಂದೂ ಇಲ್ಲ. ಅವಳು ಎದ್ದು ಒಲೆಯ ಕಡೆ ಹೋದಳು. ನನ್ನ ಮಗಳು ಎದ್ದು ಅವಳ ಹಿಂದೆ ಹೋದಳು. ಭಾಷೆ ಬಾರದೆ ಇಬ್ಬರೂ ಏನು ಮಾತಾಡಿದರೋ, ಅರ್ಧ ಗಂಟೆ ಅಲ್ಲೇ ಇದ್ದರು.

ಪಕ್ಕದ ಮನೆಯ ಹೆಂಗಸೂ ಬಂದು ಹೊಸಿಲಲ್ಲಿ ಕೂತಿದ್ದಳು. ಅವರಿಗೆ ಸ್ವಂತ ಹೊಲವಿಲ್ಲ. ಇನ್ನೊಬ್ಬರ ಹೊಲವನ್ನು 'ಅಧಿಯಾ' ಮಾಡುತ್ತಾರೆ, ಎಂದರೆ ಅರ್ಧ ಬೆಳೆ ಒಡೆಯನಿಗೆ. ಬೀಜ ಇವರದು, ಬೆವರು ಇವರದು, ಕಿಸಾನ್ ಹಣ ಪಟ್ಟಾ ಇದ್ದವನಿಗೆ. ಆ ಒಡೆಯ ಇರುವುದು ಊರಿನಲ್ಲೇ ಅಲ್ಲ. ಇದೇ ಸೇವಾಪುರಿಯಲ್ಲಿ 1952ರಲ್ಲಿ ಸರ್ವೋದಯ ಸಮ್ಮೇಳನ ನಡೆದಿತ್ತು. ವಿನೋಬಾ ಭಾವೆಯವರಿದ್ದರು. ಎರಡು ವರ್ಷದಲ್ಲಿ 25 ಲಕ್ಷ ಎಕರೆ ಭೂದಾನ ಕೂಡಿಸಬೇಕು ಎಂದು ಅಲ್ಲಿ ನಿರ್ಣಯವಾಯಿತು. ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ಗೇಣಿದಾರರು ಡಿಕ್ಲರೇಷನ್ ಹಾಕಿ ಹೊಲ ಪಡೆದರು. ನಮ್ಮ ತಾತನ ಕೆಲವು ಎಕರೆಯೂ ಹಾಗೆ ಹೋಯಿತು. ಮನೆಯಲ್ಲಿ ವರ್ಷಗಟ್ಟಲೆ ಅದೇ ಗೊಣಗಾಟ. ಆ ಹೊಲ ಪಡೆದವರ ಮೊಮ್ಮಗ ಈಗ ಅದೇ ಪಹಣಿ ತೋರಿಸಿ ಕಿಸಾನ್ ಹಣ ತೆಗೆದುಕೊಳ್ಳುತ್ತಾನೆ ಎಂದು ಅಣ್ಣ ಹೇಳುತ್ತಿದ್ದ. ಹೊಸಿಲಲ್ಲಿ ಕೂತ ಆ ಹೆಂಗಸನ್ನು ನೋಡಿದ ಮೇಲೆ ತಾತನ ಗೊಣಗಾಟಕ್ಕೆ ನನ್ನ ಮನಸ್ಸಿನಲ್ಲಿ ಜಾಗ ಕಡಿಮೆಯಾಗಿದೆ.

2025ರ ಆಗಸ್ಟ್ 2ರಂದು 20ನೆಯ ಕಂತನ್ನೂ ವಾರಾಣಸಿಯಿಂದಲೇ ಬಿಟ್ಟರು, ಸೇವಾಪುರಿಯ ಕಡೆಯಲ್ಲೇ ಸಭೆ. ನಮ್ಮ ಡ್ರೈವರ್ ಹುಡುಗ ವಾಟ್ಸಾಪಿನಲ್ಲಿ ಜನಜಂಗುಳಿಯ ಫೋಟೋ ಕಳಿಸಿದ. ಅಣ್ಣನಿಗೆ ಹಣ ಬಂದಿದೆ, ಭತ್ತಕ್ಕೆ ಯೂರಿಯಾ ತಂದಿದ್ದಾನೆ, ಅಮ್ಮ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ ಎಂದು ಬರೆದಿದ್ದ. ಅತ್ತಿಗೆ ಹೆಂಗಸರ ಗುಂಪೊಂದಕ್ಕೆ ಸೇರಿ ವಾರಕ್ಕೆ ಇಪ್ಪತ್ತು ರೂಪಾಯಿ ಕಟ್ಟುತ್ತಿದ್ದಾಳಂತೆ, ತನ್ನ ಹೆಸರಿನಲ್ಲೇ. ಪಕ್ಕದ ಮನೆಯವರಿಗೆ ಏನಾದರೂ ಬಂತೇ ಎಂದು ಕೇಳಿದೆ. "ಅವರ ಹೊಲ ಎಲ್ಲಿದೆ ಮಾತಾಜಿ" ಎಂದು ಉತ್ತರ ಬಂತು.